ಹುಷಾರಕ್ಕನ ದನಿ

ತರಕಾರಿ ಅಂಗಡಿಯ ಮುಂದೆ ಇಬ್ಬರು ಮಕ್ಕಳು ಖಾಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಹತ್ತುತ್ತಿದ್ದರು. ಮೇಲಿನ ಪೆಟ್ಟಿಗೆ ಆಗಲೇ ಓಲಾಡುತ್ತಿತ್ತು. ಅಷ್ಟರಲ್ಲಿ ಒಬ್ಬ ತೆಳ್ಳಗಿನ ಹೆಂಗಸು ಬಂದು, ಈರುಳ್ಳಿ ಆರಿಸುತ್ತಾ ಅಂಗಡಿಯವನನ್ನು ಕೇಳಿದಳು: "ಏನಪ್ಪಾ, ಇದು ಹಳೇ ಈರುಳ್ಳೀನಾ, ಹೊಸದಾ?"

ಅಷ್ಟೇ. ಪೆಟ್ಟಿಗೆಯ ಮೇಲಿದ್ದ ಮಕ್ಕಳು ಇದ್ದಲ್ಲೇ ಕಲ್ಲಾದರು. ಆಮೇಲೆ ಮೆಲ್ಲಗೆ ಒಂದೊಂದೇ ಕಾಲು ಕೆಳಗಿಟ್ಟು ಇಳಿದು, ಗೋಡೆಗೆ ಒರಗಿ ಕೈ ಕಟ್ಟಿಕೊಂಡು ನಿಂತರು. ಈರುಳ್ಳಿಯ ಮಾತು ಕೇಳಿ ತಾವು ಯಾಕೆ ಇಳಿದೆವೋ ಅವರಿಗೇ ಗೊತ್ತಾಗಲಿಲ್ಲ. ಹೆಂಗಸು ಅವರತ್ತ ತಿರುಗಿಯೂ ನೋಡದೆ, ತುಟಿಯಂಚಿನಲ್ಲಿ ನಗುತ್ತಾ ಚೀಲ ಎತ್ತಿಕೊಂಡು ಹೋದಳು. ಅವಳಿಗೆ ಇದು ಹೊಸದಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳಿದರೂ ಕಿಟಕಿಯಿಂದ ಹೊರಗೆ ಚಾಚಿದ ಪುಟ್ಟ ಕೈಗಳು ಸರಕ್ಕನೆ ಒಳಗೆ ಬರುತ್ತಿದ್ದವು.

ಮಕ್ಕಳು ಆ ದನಿಯನ್ನು ದಿನವೂ ಸಂಜೆ ಟೀವಿಯಲ್ಲಿ ಕೇಳುತ್ತಿದ್ದರು. ಇಂಗ್ಲಿಷಿನಿಂದ ಬಂದ ಕಾರ್ಟೂನುಗಳು, ಮಕ್ಕಳ ಸಿನಿಮಾಗಳು ಏನೇ ಇರಲಿ, ಅವುಗಳಲ್ಲಿ ತಾಯಿ ಅಂತ ಒಬ್ಬಳು ಬಂದರೆ ಅವಳ ಬಾಯಿಂದ ಹೊರಡುತ್ತಿದ್ದದ್ದು ಈಕೆಯ ದನಿ. ಕರಡಿಯ ತಾಯಿ, ಇಲಿಯ ತಾಯಿ, ಹಳದಿ ಕೂದಲಿನ ಮನುಷ್ಯ ತಾಯಿ, ಎಲ್ಲರೂ ಈಕೆಯೇ. ಆ ತಾಯಂದಿರಿಗೆ ಕಥೆಯಲ್ಲಿ ಬೇರೆ ಕೆಲಸವೂ ಇರುತ್ತಿರಲಿಲ್ಲ. ಕಿಟಕಿಯಲ್ಲಿ ತಲೆ ಹಾಕಿ, ಓಡಬೇಡ, ಹತ್ತಬೇಡ, ಬೀಳ್ತೀಯ, ಚುಚ್ಚುತ್ತೆ ಎಂದು ಕೂಗಿ ಒಳಗೆ ಹೋಗುವುದು. ಹಾಗಾಗಿ ಡಬ್ಬಿಂಗ್ ಸ್ಟುಡಿಯೋದವರು ಆಕೆಗೆ ಹುಷಾರಕ್ಕ ಅಂತ ಹೆಸರಿಟ್ಟರು. ಹೆಸರು ಸ್ಟುಡಿಯೋದಿಂದ ಬೀದಿಗೆ ಬಂತು, ಬೀದಿಯಿಂದ ಮನೆಗೂ ಬಂತು.

ಇಂಥವಳು ಬೆಳೆದದ್ದು ಮಾತೇ ಇಲ್ಲದ ಮನೆಯಲ್ಲಿ.

ಅವಳ ಅಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರಲಿಲ್ಲ. ಅಪ್ಪ ಸರಕಿನ ಲಾರಿ ಓಡಿಸುತ್ತಿದ್ದ. ಮನೆಯಲ್ಲಿದ್ದರೆ ನಿದ್ದೆ, ಇಲ್ಲದಿದ್ದರೆ ದಾರಿ. ಕೆಳಗೆ ಅಮ್ಮನ ಇಸ್ತ್ರಿ ಅಂಗಡಿ, ಮೇಲೆ ಒಂದೇ ಕೋಣೆ, ನಡುವೆ ಮರದ ಮೆಟ್ಟಿಲು. ಬಿಸಿ ಬಟ್ಟೆಯ ವಾಸನೆ, ನೀರು ಚಿಮುಕಿಸಿದಾಗ ಏಳುವ ಆವಿ, ಇಸ್ತ್ರಿಪೆಟ್ಟಿಗೆ ಹಲಗೆಯ ಮೇಲೆ ಕೂತೇಳುವ ಸದ್ದು, ಇವಿಷ್ಟೇ ಆ ಮನೆಯ ಸಂಭಾಷಣೆ. ಅಮ್ಮ ಮಗಳು ಕೈಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಕೈಮಾತಿಗೆ ಎದುರಿಗೆ ನಿಂತಿರಬೇಕು, ಕಣ್ಣು ಕೂಡಬೇಕು. ಮೆಟ್ಟಿಲ ಕಟಕಟೆಯ ಮೇಲೆ ಕೂತು ಜಾರುವ ಹುಡುಗಿಗೆ ಬೆನ್ನ ಹಿಂದೆ ಕಣ್ಣಿರುತ್ತದೆಯೇ? ಆಗ ಅಮ್ಮ ಇಸ್ತ್ರಿಗೆಂದು ನೀರು ಚಿಮುಕಿಸಿ ಸುತ್ತಿಟ್ಟ ಒದ್ದೆ ಬಟ್ಟೆಯೊಂದನ್ನು ತೆಗೆದು ಎಸೆಯುತ್ತಿದ್ದಳು. ಅದು ಫಟ್ ಎಂದು ಬೆನ್ನಿಗೆ ಬಂದು ಬೀಳುತ್ತಿತ್ತು. ಅಮ್ಮನ ಗುರಿ ಒಂದು ಸಲವೂ ತಪ್ಪಿದ್ದಿಲ್ಲ.

ಎದುರುಮನೆಯಲ್ಲಿ ದರ್ಜಿ ಸಂಸಾರ. ದರ್ಜಿಯ ಹೆಂಡತಿಗೆ ಮನೆ ತುಂಬ ಮಕ್ಕಳು, ಬಾಯಿ ತುಂಬ ಮಾತು. ಹೊತ್ತು ಮುಳುಗಿ ಕಿಟಕಿಗಳಲ್ಲಿ ದೀಪ ಹತ್ತುವ ಸಮಯಕ್ಕೆ ಬೀದಿಯಲ್ಲಿ ಮಕ್ಕಳ ಆಟ ಜೋರಾದರೆ, ಆ ಕಿಟಕಿಯಿಂದ ಮಾತು ಉದುರಲು ಶುರು. "ಕಡ್ಡಿ ಹಿಡ್ಕೊಂಡು ಓಡಬೇಡ್ವೋ, ಕಣ್ಣಿಗೆ ಗಿಣ್ಣಿಗೆ ಚುಚ್ಕೊಂಡೀಯ!" "ಕತ್ತರಿ ಇಡೇ ಕೆಳಗೆ, ಅದೇನು ಆಟದ ಸಾಮಾನಾ?" "ಅವನು ಬಾವಿಗೆ ಬಿದ್ರೆ ನೀನೂ ಬೀಳ್ತೀಯೇನೋ?" "ಕಾಲು ಮುರ್ಕೊಂಡು ಬಾ, ಇನ್ನೊಂದು ಕಾಲೂ ಮುರಿದು ಕೂರಿಸ್ತೀನಿ!"

ಹುಡುಗಿ ಮೇಲಿನ ಕೋಣೆಯ ಕಿಟಕಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಬೇರೆ ಮಕ್ಕಳು ಕಥೆ ಕೇಳುವ ಹಾಗೆ ಅವಳು ಬೈಗುಳ ಕೇಳಿದಳು. ಆ ಮಾತುಗಳು ದೀಪದ ಬೆಳಕಿನ ಜೊತೆಗೇ ಕಿಟಕಿಯಿಂದ ಇಳಿದು ಮಕ್ಕಳ ತಲೆಯ ಮೇಲೆ ಹೊದಿಕೆಯಂತೆ ಬೀಳುತ್ತವೆ ಎಂದು ಅವಳಿಗೆ ಅನಿಸುತ್ತಿತ್ತು. ತನಗೂ ಅಂಥದೊಂದು ಬೈಗುಳ ಬೇಕು ಎಂಬ ಆಸೆ ಹತ್ತಿತು.

ಒಂದು ದಿನ ಬೇಕೆಂದೇ ದರ್ಜಿ ಮನೆಯ ಕಾಂಪೌಂಡ್ ಗೋಡೆ ಹತ್ತಿ ಕೂತಳು. ಎರಡೂ ಕಾಲು ಆಚೆ ಬಿಟ್ಟು ಆಡಿಸಿದಳು. ದರ್ಜಿಯ ಹೆಂಡತಿ ಹೊರಗೆ ಬಂದು ನೋಡಿ, "ಇಳಿಯಮ್ಮಾ, ನಿಮ್ಮಮ್ಮ ನೋಡಿದ್ರೆ ಬೇಜಾರು ಮಾಡ್ಕೋತಾರೆ," ಎಂದು ನಯವಾಗಿ ಹೇಳಿ ಒಳಗೆ ಹೋದಳು. ಹುಡುಗಿಗೆ ಅಳು ಬಂತು. ಅದು ಪರರ ಮಕ್ಕಳಿಗೆ ಹೇಳುವ ಮಾತು. ಮತ್ತೊಮ್ಮೆ ಹತ್ತಿದಳು, ಮತ್ತೊಮ್ಮೆ ಅದೇ ನಯ.

ಕೊನೆಗೆ ಒಂದು ಸಂಜೆ ಚೆಂಡು ದರ್ಜಿ ಮನೆಯ ತಗಡಿನ ಮಾಡಿನ ಮೇಲೆ ಸಿಕ್ಕಿಹಾಕಿಕೊಂಡಿತು. ಮಕ್ಕಳೆಲ್ಲ ಹತ್ತಿದರು, ಇವಳೂ ಹತ್ತಿದಳು. ತಗಡು ಗಡಗಡ ಎಂದದ್ದೇ ತಡ, ಕೊರಳಲ್ಲಿ ಅಳತೆ ಪಟ್ಟಿ ನೇತುಹಾಕಿಕೊಂಡೇ ದರ್ಜಿಯ ಹೆಂಡತಿ ಹೊರಗೋಡಿ ಬಂದಳು. ಒಬ್ಬೊಬ್ಬರಿಗೂ ಸಲ್ಲಬೇಕಾದ್ದು ಸಂದಿತು. ಆ ವೇಗದಲ್ಲಿ ತನ್ನ ಮಕ್ಕಳು ಯಾರು, ಎದುರುಮನೆಯವಳು ಯಾರು ಎಂಬ ಭೇದ ಅವಳಿಗೆ ಉಳಿಯಲಿಲ್ಲ.

"ಲೇ ಇವಳೇ, ನೀನೂ ಹತ್ತಿದ್ಯಾ? ಇಳಿ! ಬಿದ್ದು ಹಲ್ಲುಗಿಲ್ಲು ಉದುರಿಸ್ಕೊಂಡ್ರೆ ಯಾರೇ ನಿನ್ನ ನೋಡೋರು? ಇಳೀತೀಯೋ, ನಾನೇ ಮೇಲೆ ಬರಲೋ?"

ಹುಡುಗಿ ಇಳಿದಳು. ಮುಖ ಊರಗಲವಾಗಿತ್ತು. ಬೈಸಿಕೊಂಡು ಹೀಗೆ ನಗುವ ಮಗುವನ್ನು ದರ್ಜಿಯ ಹೆಂಡತಿ ಹಿಂದೆ ಕಂಡಿರಲಿಲ್ಲ. ಹುಡುಗಿ ಅಂಗಡಿಗೆ ಓಡಿ, ಆಗಷ್ಟೇ ಇಸ್ತ್ರಿಯಾದ ಹಾಸುಬಟ್ಟೆಗಳ ಬೆಚ್ಚನೆಯ ಗುಡ್ಡೆಗೆ ಒರಗಿ, "ಲೇ ಇವಳೇ... ಹಲ್ಲುಗಿಲ್ಲು..." ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ನಿದ್ದೆಹೋದಳು. ಅಮ್ಮ ಅವಳ ತುಟಿ ಅಲುಗುವುದನ್ನು ನೋಡಿ, ಜ್ವರವಿರಬೇಕೆಂದು ಹಣೆ ಮುಟ್ಟಿ ನೋಡಿದಳು.

ವರ್ಷಗಳು ಕಳೆದು ಹುಡುಗಿ ದೊಡ್ಡವಳಾದ ಮೇಲೆ ಇಸ್ತ್ರಿ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಅವಳದಾಯಿತು. ಬೀದಿಯ ತುದಿಯಲ್ಲಿ ಹಳೆಯ ಗೋಡೌನೊಂದನ್ನು ಡಬ್ಬಿಂಗ್ ಸ್ಟುಡಿಯೋ ಮಾಡಿದ್ದರು. ಗೋಡೆಗೆಲ್ಲ ದಪ್ಪ ಕಂಬಳಿ, ನಡುವೆ ಗಾಜು, ಗಾಜಿನಾಚೆ ಒಂದು ಮೈಕು. ಅಲ್ಲಿ ಧ್ವನಿಮುದ್ರಣ ಮಾಡುವವನು ಸದಾ ಯಂತ್ರದ ಮೀಟರಿನ ಮುಳ್ಳನ್ನೇ ನೋಡುತ್ತಿದ್ದದ್ದರಿಂದ ಎಲ್ಲರೂ ಅವನನ್ನು ಮುಳ್ಳಪ್ಪ ಎನ್ನುತ್ತಿದ್ದರು. ಇಂಗ್ಲಿಷ್ ಮಾತನ್ನು ನಮ್ಮ ಭಾಷೆಗೆ ತಂದು ಬರೆಯುವವರು ಮೊದಲು ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಮೇಷ್ಟ್ರು.

ಅವಳು ಮುಳ್ಳಪ್ಪನ ಅಂಗಿಗಳನ್ನು ಹಿಡಿದು ಬಾಗಿಲಲ್ಲಿ ನಿಂತಾಗ ಒಳಗೆ ಪೇಚಾಟ ನಡೆದಿತ್ತು. ತಾಯಿಯ ಪಾತ್ರಕ್ಕೆ ಬರಬೇಕಾದವಳಿಗೆ ನೆಗಡಿಯಾಗಿ ಅವಳು ಬಂದಿರಲಿಲ್ಲ. ಪರದೆಯ ಮೇಲೆ ಹುಡುಗನೊಬ್ಬ ಬಿಲ್ಲುಬಾಣ ಹಿಡಿದು ಅಂಗಳ ತುಂಬ ಓಡುತ್ತಿದ್ದ. ಕಿಟಕಿಯಲ್ಲಿ ಅವನ ತಾಯಿ ಕೂಗುತ್ತಿದ್ದಳು: 'ಬಿ ಕೇರ್‌ಫುಲ್! ಯು ವಿಲ್ ಪೋಕ್ ಸಂಬಡೀಸ್ ಐ ಔಟ್!' ಮೇಷ್ಟ್ರು ಬರೆದಿದ್ದದ್ದು, 'ಜಾಗರೂಕನಾಗಿರು ಮಗು, ಯಾರದಾದರೂ ಕಣ್ಣಿಗೆ ಅಪಾಯ ಸಂಭವಿಸೀತು.'

"ಮೇಷ್ಟ್ರೇ, ಆ ಯಮ್ಮ ಬಾಯಿ ಮುಚ್ಚಿ ಒಳಗೆ ಹೋದ್ಲು," ಎಂದ ಮುಳ್ಳಪ್ಪ. "ನಿಮ್ಮ ಅಪಾಯ ಇನ್ನೂ ಸಂಭವಿಸ್ತಾನೇ ಇದೆ."

"ನನಗೂ ಗೊತ್ತಪ್ಪಾ, ಇದು ಶಾಲೆ ಗೋಡೆ ಮೇಲೆ ಬರೆಯೋ ಮಾತು," ಎಂದು ಮೇಷ್ಟ್ರು ತಲೆ ಕೆರೆದುಕೊಂಡರು. ಬಾಗಿಲಲ್ಲಿದ್ದವಳು ಕಣ್ಣಿಗೆ ಬಿದ್ದಳು. "ಏನಮ್ಮಾ, ನಿಮ್ಮನೇಲಿ ಇಂಥದಕ್ಕೆ ಏನಂತಾರೆ?"

"ನಮ್ಮನೇಲಿ ಏನೂ ಅನ್ನಲ್ಲ ಸಾರ್. ಒದ್ದೆ ಬಟ್ಟೆ ಎಸೀತಾರೆ."

ಮುಳ್ಳಪ್ಪ ಮೊದಲ ಬಾರಿಗೆ ಮುಳ್ಳಿನಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಅವಳಿಗೆ ನಾಚಿಕೆಯಾಯಿತು. "ಎದುರುಮನೇಲಿ ಅಂತಿದ್ರು," ಎಂದು ಸೇರಿಸಿದಳು.

"ಏನಂತ?"

"ಬೇಡ್ವೋ! ಕಣ್ಣಿಗೆ ಗಿಣ್ಣಿಗೆ ಚುಚ್ಚೀಯಾ!"

ಮೇಷ್ಟ್ರು ತಕ್ಷಣ ಚಿತ್ರವನ್ನು ಹಿಂದಕ್ಕೆ ಓಡಿಸಲು ಹೇಳಿದರು. ಅವಳನ್ನು ಗಾಜಿನಾಚೆ ನಿಲ್ಲಿಸಿದರು. ಪರದೆಯ ತಾಯಿಯ ತುಟಿ ಕೂಡಿ ಬಿಚ್ಚಿದಲ್ಲಿ ಇವಳ 'ಬೇಡ್ವೋ' ಕೂತಿತು, ಉಳಿದ ತುಟಿಯಾಟಕ್ಕೆ 'ಗಿಣ್ಣಿಗೆ' ಒದಗಿ ಬಂತು, ಕೊನೆಗೆ ಅವಳ ಬಾಯಿ ಅಗಲವಾಗಿ ತೆರೆದಲ್ಲಿ 'ಯಾ' ನಿಂತಿತು. ಹಳದಿ ಕೂದಲಿನ ಆ ತಾಯಿ ಒಂದೇ ಕ್ಷಣಕ್ಕೆ ಎದುರುಮನೆಯವಳಾದಳು. ಮುಳ್ಳಪ್ಪ ತನ್ನ ಅಂಗಿಗಳನ್ನು ಇಸಿದುಕೊಳ್ಳುವುದನ್ನೇ ಮರೆತ.

ಅಲ್ಲಿಂದ ಶುರುವಾದ ಕೆಲಸ ಅವಳ ಬದುಕೇ ಆಯಿತು. ಮದುವೆಯ ಮಾತು ಒಂದೆರಡು ಸಲ ಬಂದು ಹೋಯಿತು. ಅಮ್ಮನನ್ನು ಬಿಟ್ಟು ಬರಲು ಅವಳು ಒಪ್ಪಲಿಲ್ಲ, ಅಮ್ಮನ ಜೊತೆ ಬರುವವಳನ್ನು ಗಂಡಿನ ಕಡೆಯವರು ಒಪ್ಪಲಿಲ್ಲ. ಅಪ್ಪ ತೀರಿಕೊಂಡ. ಸಂಜೆ ಆರಕ್ಕೆ ಗಾಜಿನ ಕೋಣೆಯಿಂದ ಹೊರಬಂದರೆ ಬೀದಿಯ ಸದ್ದು ನೀರೊಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ಹಗಲೆಲ್ಲ ಇಲ್ಲದ ಮಕ್ಕಳನ್ನು ಇಲ್ಲದ ಮರಗಳಿಂದ ಇಳಿಸಿ ದಣಿದವಳು, ನಿಜವಾದ ಮರದ ಕೆಳಗೆ ಕಾಲೆಳೆಯುತ್ತಾ ನಡೆಯುವಳು. ಯಾವುದು ಪರದೆ, ಯಾವುದು ಬೀದಿ ಎಂದು ಒಂದೊಂದು ದಿನ ಮನೆ ತಲುಪುವವರೆಗೂ ತಿಳಿಯುತ್ತಿರಲಿಲ್ಲ.

ಇಂಗ್ಲಿಷ್ ತಾಯಂದಿರ ಮಾತು ಅವಳಿಗೂ ಮೇಷ್ಟ್ರಿಗೂ ಬಿಡುವಿನ ಹೊತ್ತಿನ ಹರಟೆ. ಒಬ್ಬ ತಾಯಿ ಮಗನಿಗೆ, ಕಾಲು ಮುರಿದುಕೊಂಡರೆ ನನ್ನ ಹತ್ತಿರ ಓಡಿ ಬರಬೇಡ ಎನ್ನುತ್ತಿದ್ದಳು.

"ಕಾಲು ಮುರಿದ ಮೇಲೆ ಹೇಗಮ್ಮಾ ಓಡಿ ಬರ್ತಾನೆ?" ಎಂದು ಮೇಷ್ಟ್ರು ನಕ್ಕರು.

"ಕೋಪದಲ್ಲಿ ಅದೆಲ್ಲಾ ಲೆಕ್ಕ ಇರುತ್ತಾ ಮೇಷ್ಟ್ರೇ? ನಮ್ಮೆದುರುಮನೆ ಅತ್ತೆ ಇನ್ನೊಂದು ಕಾಲೂ ಮುರೀತೀನಿ ಅಂತಿದ್ರು. ಮಗು ಕಾಲಿಗೆ ಮುಳ್ಳು ಚುಚ್ಚಿದ್ರೂ ಅವರೇ ಅಳ್ತಿದ್ರು."

ಇನ್ನೊಬ್ಬಳು, ನಿನ್ನ ಗೆಳೆಯರೆಲ್ಲ ಸೇತುವೆಯಿಂದ ಹಾರಿದರೆ ನೀನೂ ಹಾರುತ್ತೀಯಾ ಎಂದು ಕೇಳಿದಳು. ಹುಷಾರಕ್ಕ ಸಲೀಸಾಗಿ ಅವರನ್ನೆಲ್ಲ ಬಾವಿಗೆ ಬೀಳಿಸಿದಳು. ಮುಳ್ಳಪ್ಪ ಗಾಜು ಬಡಿದ. "ಅಕ್ಕಾ, ಹಿಂದೆ ಸೇತುವೆ ಇಷ್ಟು ದೊಡ್ಡದಾಗಿ ಕಾಣ್ತಿದೆ. ಬಾವಿ ಎಲ್ಲಿಂದ ತರೋಣ?" ಆ ದಿನ ಸೇತುವೆಯೇ ಉಳಿಯಿತು.

ಒಂದು ಸಂಗತಿ ಮಾತ್ರ ಅವಳನ್ನು ಬಹಳ ಕಾಲ ಕಾಡಿತು. 'ಬಿ ಕೇರ್‌ಫುಲ್' ಎನ್ನುವಾಗ ತುಟಿ ಹೇಗೆ ಕೂಡುತ್ತದೋ 'ಬೀಳ್ತೀಯ' ಎನ್ನುವಾಗಲೂ ಹಾಗೆಯೇ. ಹಾಗಾಗಿ ಅದನ್ನು ಸಾವಿರ ಸಲ ಹೇಳಿದ್ದಳು. ಅವರ ಮಾತು, ಜೋಪಾನವಾಗಿರು ಎನ್ನುತ್ತದೆ. ನಮ್ಮದು, ಬೀಳುತ್ತೀಯ ಎನ್ನುತ್ತದೆ. "ನಮ್ಮ ತಾಯಂದಿರು ಮಗು ಇನ್ನೂ ಗೋಡೆ ಮೇಲಿರುವಾಗಲೇ ಅದು ಬಿದ್ದಿದ್ದನ್ನ ನೋಡಿ ಆಗಿರುತ್ತೆ ಅಲ್ವಾ ಮೇಷ್ಟ್ರೇ?" ಎಂದು ಒಮ್ಮೆ ಕೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಆ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡರು.

ಮನೆಯಲ್ಲಿ ಅಮ್ಮ ಆ ಕಾರ್ಟೂನುಗಳನ್ನು ತಪ್ಪದೆ ನೋಡುತ್ತಿದ್ದಳು. ಮಗಳ ದನಿ ಬರುವ ಜಾಗ ಬಂತೆಂದು ಮಗಳು ಕೈಸನ್ನೆ ಮಾಡಿದರೆ, ಅಮ್ಮ ಎದ್ದು ಹೋಗಿ ಟೀವಿಯ ಪಕ್ಕಕ್ಕೆ ಅಂಗೈ ಒತ್ತಿ ನಿಲ್ಲುತ್ತಿದ್ದಳು. ಅಲ್ಲಿ ಏನೋ ನಡುಗುತ್ತಿತ್ತು. ಅಮ್ಮ ಅದನ್ನು ಕಣ್ಣು ಮುಚ್ಚಿ ಹಿಡಿದುಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಹುಷಾರಕ್ಕನ ದನಿ ಒಡೆಯತೊಡಗಿತು. ಕೂಗಿದಲ್ಲಿ ಬರೀ ಗಾಳಿ. ಗಂಟಲಲ್ಲಿ ಗಂಟಿದೆ ಎಂದರು ಡಾಕ್ಟರು. ತೆಗೆದರು. "ಇನ್ನು ನಾನು ಹೇಳೋವರೆಗೆ ಮಾತೇ ಬೇಡ. ಪಿಸುಮಾತೂ ಬೇಡ," ಎಂದು ಕಳಿಸಿದರು.

ಮನೆಯಲ್ಲಿ ಈಗ ಮಾತಾಡದ ಇಬ್ಬರು ಹೆಂಗಸರು. ದಿನಗಳು ಇಸ್ತ್ರಿಯಾದ ಬಟ್ಟೆಯಂತೆ ಒಂದರ ಮೇಲೊಂದು ಸುಕ್ಕಿಲ್ಲದೆ ಕೂತವು. ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕೆ, ನೆಲದಿಂದ ಮೆಟ್ಟಿಲಿಗೆ ಇಳಿಯುವುದನ್ನು ಹುಷಾರಕ್ಕ ಕೂತು ನೋಡುವಳು. ಎಷ್ಟೋ ವರ್ಷಗಳ ಮೇಲೆ ಅಮ್ಮನ ಕೈಮಾತನ್ನು ಮತ್ತೆ ದಿನವಿಡೀ ಆಡಿದಳು. ತನ್ನ ಬೆರಳುಗಳು ಎಷ್ಟು ಒರಟಾಗಿ, ಅವಸರವಾಗಿ ಮಾತಾಡುತ್ತವೆ ಎಂದು ಆಗ ತಿಳಿಯಿತು.

ಆ ದಿನಗಳಲ್ಲೇ ಮೇಷ್ಟ್ರು ತಮ್ಮ ಮೊಮ್ಮಗಳನ್ನು ಮಧ್ಯಾಹ್ನದ ಹೊತ್ತು ಅಲ್ಲಿ ಬಿಟ್ಟು ಹೋಗತೊಡಗಿದರು. ಪುಟ್ಟಿಗೆ ಐದು ವರ್ಷ. ಅವಳ ಅಮ್ಮ ನರ್ಸು, ಮಧ್ಯಾಹ್ನದ ಪಾಳಿ. ಪುಟ್ಟಿ ಒಬ್ಬಳೇ ಮೂರು ಜನರ ಮಾತಾಡುತ್ತಿದ್ದಳು, ಉತ್ತರವನ್ನೂ ತಾನೇ ಕೊಟ್ಟುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಹುಷಾರಕ್ಕ ತಾರಸಿಯ ಮೇಲೆ ಒಗೆದ ಹಾಸುಬಟ್ಟೆಗಳನ್ನು ಒಣಹಾಕುತ್ತಿದ್ದಳು. ಗಾಳಿಗೆ ಬಿಳಿ ಬಟ್ಟೆಗಳು ಉಬ್ಬಿ ಇಳಿಯುತ್ತಿದ್ದವು. ಪುಟ್ಟಿಯ ಹಾಡು ಅವುಗಳ ನಡುವೆ ಎಲ್ಲೋ ಸುತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಹಾಡು ಮೇಲಿನಿಂದ ಬರತೊಡಗಿತು.

ಹುಷಾರಕ್ಕ ಬಟ್ಟೆ ಸರಿಸಿ ನೋಡಿದರೆ, ನೀರಿನ ಟ್ಯಾಂಕಿಗೆ ಹತ್ತುವ ಕಬ್ಬಿಣದ ಏಣಿಯ ಅರ್ಧದಲ್ಲಿ ಪುಟ್ಟಿ. ಬೆನ್ನು ಇತ್ತ. ಪುಟ್ಟ ಹಿಮ್ಮಡಿಗಳು ಮೆಟ್ಟಿಲ ಅಂಚಿನಲ್ಲಿ.

ಬಾಯಿ ತೆರೆಯಿತು. ಸಾವಿರ ಸಲ ಹೇಳಿದ ಮಾತೆಲ್ಲ ಒಟ್ಟಿಗೆ ನುಗ್ಗಿ ಬಂದು ಗಂಟಲಲ್ಲಿ ನಿಂತಿತು. ಬಂದದ್ದು ಉಸಿರು ಮಾತ್ರ. ಅಷ್ಟರಲ್ಲಿ ಅವಳು ಮಗು ಬಿದ್ದದ್ದನ್ನು ನೋಡಿಯೇ ಬಿಟ್ಟಿದ್ದಳು: ಕೈ ಜಾರಿದ್ದು, ಫ್ರಾಕು ಬಿಚ್ಚಿ ಹಾರಿದ್ದು, ಸಿಮೆಂಟಿನ ನೆಲ. ಕಣ್ಣು ಮಿಟುಕಿಸಿದರೆ ಪುಟ್ಟಿ ಇನ್ನೂ ಮೇಲೆಯೇ ಇದ್ದಳು, ಹಾಡು ನಡೆದಿತ್ತು.

ಹುಷಾರಕ್ಕ ಚಪ್ಪಲಿ ಬಿಟ್ಟಳು. ಒದ್ದೆ ಬಟ್ಟೆಗಳು ಮುಖಕ್ಕೆ ಒರೆಸಿಕೊಂಡು ಹೋದವು. ಆ ನಾಲ್ಕು ಹೆಜ್ಜೆ ಕನಸಿನಲ್ಲಿ ನಡೆದಂತೆ ಮುಗಿಯಲೇ ಇಲ್ಲ. ಏಣಿಯ ಕೆಳಗೆ ನಿಂತು, ಮಗುವಿನ ಕಾಲಿನಡಿಗೆ ಎರಡೂ ಅಂಗೈ ಚಾಚಿದಳು. ಮುಟ್ಟಲಿಲ್ಲ. ಮುಟ್ಟಿದರೆ ಬೆಚ್ಚಿಬೀಳುತ್ತಾಳೆ. ಪುಟ್ಟಿ ಇನ್ನೊಂದು ಮೆಟ್ಟಿಲು ಹತ್ತಿದಳು. ಕೆಳಗಿನ ಅಂಗೈಗಳೂ ಹತ್ತಿದವು. ಮೇಲೆ ಅವಳು ದೂರದ ಮನೆಗಳನ್ನೂ, ಯಾರದೋ ತಾರಸಿಯಲ್ಲಿ ಕೂತ ಪಾರಿವಾಳಗಳನ್ನೂ ಕಣ್ತುಂಬ ನೋಡಿ, ಅವಕ್ಕೆ ಏನೋ ಹೇಳಿ, ಸಾಕೆನಿಸಿ ಇಳಿಯತೊಡಗಿದಳು. ಕಾಲು ಮೆಟ್ಟಿಲಿಗಾಗಿ ತಡಕಾಡಿತು. ಹಿಮ್ಮಡಿ ಹುಷಾರಕ್ಕನ ಅಂಗೈಗೆ ತಾಗಿತು. ಅದೂ ಒಂದು ಮೆಟ್ಟಿಲೆಂದು ತಿಳಿದು ಪುಟ್ಟಿ ಅದರ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಳು.

ಆಮೇಲೆ ಕೆಳಗೆ ನೋಡಿದಳು. "ಅಯ್ಯೋ, ನೀವಾ! ಯಾವಾಗ ಬಂದ್ರಿ ಅಜ್ಜಿ? ಗೊತ್ತೇ ಆಗ್ಲಿಲ್ಲ!"

ಹುಷಾರಕ್ಕ ಅವಳನ್ನು ಇಳಿಸಿಕೊಂಡು, ಎದೆಗವಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಗೊತ್ತೇ ಆಗಲಿಲ್ಲ. ಆ ಮಾತು ಅವಳೊಳಗೆ ಒಂದು ಬಾಗಿಲನ್ನು ತಳ್ಳಿತು. ತಾನು ಕಟಕಟೆಯಿಂದ ಜಾರಿದಾಗ, ಗೋಡೆ ಹತ್ತಿ ಕೂತಾಗ, ತಗಡಿನ ಮಾಡಿನಿಂದ ಇಳಿದಾಗ, ತಿರುಗಿ ನೋಡಿದರೆ ಪ್ರತಿ ಸಲವೂ ಅಮ್ಮ ಅಲ್ಲೇ ಎಲ್ಲೋ ಇರುತ್ತಿದ್ದಳು. ಕೈ ಒದ್ದೆ, ಕಣ್ಣು ಬೇರೆಲ್ಲೋ, ಏನೋ ಕೆಲಸಕ್ಕೆ ಬಂದವಳ ಹಾಗೆ. ಆಗೆಲ್ಲ ಅದನ್ನು ಆಕಸ್ಮಿಕ ಎಂದುಕೊಂಡಿದ್ದಳು. ಬಟ್ಟೆಯ ಗುರಿ ತಪ್ಪದಿದ್ದದ್ದು ಯಾಕೆಂದು ಈಗ ತಿಳಿಯಿತು. ಅಷ್ಟು ಹತ್ತಿರದಿಂದ ಎಸೆದರೆ ಯಾರಿಗೆ ತಪ್ಪುತ್ತದೆ?

ಪುಟ್ಟಿಯ ಕೈ ಹಿಡಿದು ಕೆಳಗಿಳಿದಳು. ಅಮ್ಮ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುತ್ತಿದ್ದಳು. ಹುಷಾರಕ್ಕ ಎದುರು ನಿಂತು ಬೆರಳುಗಳಲ್ಲಿ ಕೇಳಿದಳು: ನಾನು ಹತ್ತಿದಾಗೆಲ್ಲ ಹಿಂದೆ ನಿಂತಿರ್ತಿದ್ಯಾ?

ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, ಮಗಳ ಮುಖವನ್ನು ಓದಿ, ಹುಬ್ಬು ಗಂಟಿಕ್ಕಿ ಉತ್ತರ ಕೊಟ್ಟಳು: ನೀನೊಂದು ಕೋತಿ. ನಿನ್ನಿಂದ ನನಗೆ ಒಂದು ದಿನವೂ ಕೆಲಸ ಸಾಗಲಿಲ್ಲ. ಎಷ್ಟು ಅಂಗಿ ಸುಟ್ಟಿದ್ದೀನಿ ಗೊತ್ತಾ?

ಹುಷಾರಕ್ಕ ಸದ್ದಿಲ್ಲದೆ ನಕ್ಕಳು, ಸದ್ದಿಲ್ಲದೆ ಅತ್ತಳು. ಪುಟ್ಟಿ ಇಬ್ಬರ ಮುಖವನ್ನೂ ನೋಡಿ, "ಏನಂತೆ? ನನಗೂ ಹೇಳಿ!" ಎಂದು ಸೆರಗು ಎಳೆಯುತ್ತಿದ್ದಳು.

ದನಿ ಮರಳಿ ಬಂತು, ಆದರೆ ಹಳೆಯದಲ್ಲ. ತಗ್ಗಿ, ನಿಧಾನವಾಗಿ, ತಳಕ್ಕೆ ಇಳಿದ ದನಿ. ಕಿಟಕಿಯಿಂದ ಕೂಗಲು ಅದಕ್ಕೆ ಆಗುತ್ತಿರಲಿಲ್ಲ. ಸ್ಟುಡಿಯೋದಲ್ಲಿ ತಾಯಂದಿರ ಜಾಗಕ್ಕೆ ಆಗಲೇ ಒಬ್ಬ ಹೊಸ ಹುಡುಗಿ ಬಂದಿದ್ದಳು. ಸಂಜೆ ಟೀವಿಯಲ್ಲಿ ಕರಡಿಯ ತಾಯಿ ಬೇರೆ ದನಿಯಲ್ಲಿ ಮರಿಯನ್ನು ಬೈದಾಗ ಹುಷಾರಕ್ಕ ಎದ್ದು ಹೋಗಿ ಬಟ್ಟೆ ಮಡಚಿದಳು. ಆಮೇಲಾಮೇಲೆ ಕೂತು ನೋಡಿದಳು. "ಚೆನ್ನಾಗೇ ಬೈತಾಳೆ," ಎಂದಳು ಮೇಷ್ಟ್ರಿಗೆ. "ದನೀಲಿ ಇನ್ನೂ ಹೆದರಿಕೆ ಬಂದಿಲ್ಲ ಅಷ್ಟೇ. ಬರುತ್ತೆ."

ಮಳೆಗಾಲ ಮುಗಿಯುವ ಹೊತ್ತಿಗೆ ಮೇಷ್ಟ್ರು ಒಂದು ಕಟ್ಟು ಹಾಳೆ ತಂದು ಅವಳ ಮುಂದಿಟ್ಟರು. ಸಮುದ್ರದಾಳದ ಬಗ್ಗೆ ಒಂದು ಉದ್ದನೆಯ ಸರಣಿ. ಅದರಲ್ಲಿ ಮನುಷ್ಯರಿಲ್ಲ, ತುಟಿಗಳಿಲ್ಲ, ಹೊಂದಿಸುವ ತಾಪತ್ರಯವಿಲ್ಲ. ಒಂದು ದನಿ ಮಾತ್ರ ಬೇಕು.

"ಯಾರಿಗೂ ಬೈಯೋದಿಲ್ವಾ?" ಎಂದಳು ಹುಷಾರಕ್ಕ.

"ತಿಮಿಂಗಿಲಕ್ಕೆ ಏನಂತ ಬೈತೀಯಮ್ಮಾ?"

ಗಾಜಿನಾಚೆ ಅವಳು ಮತ್ತೆ ನಿಂತಳು. ಪರದೆಯಲ್ಲಿ ತಾಯಿ ತಿಮಿಂಗಿಲವೊಂದು ತನ್ನ ಮರಿಯ ಪಕ್ಕದಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ನೀರು ತಿಳಿನೀಲಿಯಿಂದ ಕಡುನೀಲಿಗೆ, ಕಡುನೀಲಿಯಿಂದ ಕಪ್ಪಿಗೆ ತಿರುಗುತ್ತಿತ್ತು. ಹುಷಾರಕ್ಕ ಓದತೊಡಗಿದಳು. ಬೆಳಕು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಕೆಳಗೆ ಯಾವ ಜೀವಿಗಳು ಬದುಕುತ್ತವೆ, ಅವು ಒಂದನ್ನೊಂದು ಹೇಗೆ ಗುರುತಿಸುತ್ತವೆ. ಅವಳ ಹೊಸ ದನಿ ಅವಸರವಿಲ್ಲದೆ ನೀರಿನ ಜೊತೆಗೇ ಇಳಿಯಿತು. ಮೇಷ್ಟ್ರು ಮೊದಲು ಗಲ್ಲಕ್ಕೆ ಕೈ ಕೊಟ್ಟರು, ಆಮೇಲೆ ಕನ್ನಡಕ ಮೂಗಿನ ತುದಿಗೆ ಜಾರಿತು, ಆಮೇಲೆ ತಲೆ ಎದೆಗೆ ಬಂತು. ಮುಳ್ಳಪ್ಪನ ಬಾಯಿ ಅರ್ಧ ತೆರೆದಿತ್ತು. ಮೀಟರಿನ ಮುಳ್ಳು ಮಾತ್ರ ಎಚ್ಚರವಾಗಿದ್ದು ಅತ್ತಿತ್ತ ತೂಗುತ್ತಿತ್ತು.

ಹುಷಾರಕ್ಕ ಗಾಜಿನೊಳಗಿಂದ ಇಬ್ಬರನ್ನೂ ನೋಡಿದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಸದ್ದಾಗದಂತೆ ಹಾಳೆ ತಿರುವಿ, ಮುಂದಕ್ಕೆ ಓದಿದಳು.